ಕುಡಿಕೆ ಹೊನ್ನಿನ ಲೆಕ್ಕ

ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಂಗಳೂರು ರೈಲಿಗೆ ಜನ ಸೇರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೊಂದು ಬ್ಯಾಗು, ಜೇಬಿನಲ್ಲಿ ತಿಂಗಳ ಪಾಸು. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಒಂದೊಂದೇ ನಿಲ್ದಾಣ ದಾಟುತ್ತ ಬೋಗಿ ತುಂಬುತ್ತದೆ. ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೀಟು ಸಿಕ್ಕವರು ನಿದ್ದೆಯ ಬಾಕಿ ತೀರಿಸಿಕೊಳ್ಳುತ್ತಾರೆ, ಸಿಗದವರು ಬಾಗಿಲ ಕಂಬಿ ಹಿಡಿದು ನಿಲ್ಲುತ್ತಾರೆ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಮಾತಿನೊಳಗೆ ಬೆರೆತು ಬರುತ್ತವೆ. ಕಿಟಕಿಯಾಚೆ ಬೂದು ಬಣ್ಣದ ಸೈನೈಡ್ ಗುಡ್ಡಗಳು, ತುಕ್ಕು ಹಿಡಿದ ಶಾಫ್ಟ್ ಗೋಪುರಗಳು. ಈ ಪ್ರಯಾಣಿಕರಲ್ಲಿ ಬಹಳ ಮಂದಿಯ ಅಜ್ಜಂದಿರು ಇದೇ ಹೊತ್ತಿಗೆ ಎದ್ದು, ಮನೆಯಿಂದ ನಡೆದೇ ಹೋಗಿ, ಕೇಜಿನಲ್ಲಿ ನೆಲದೊಳಗೆ ಇಳಿಯುತ್ತಿದ್ದರು. ಮೊಮ್ಮಕ್ಕಳು ಸುಮಾರು ತೊಂಬತ್ತು ಕಿಲೋಮೀಟರ್ ದೂರಕ್ಕೆ ಹೋಗುತ್ತಾರೆ, ರಾತ್ರಿ ಮರಳುತ್ತಾರೆ.

ಯಾಕೆ ಹೀಗಾಯಿತು ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಚಿನ್ನ ಮುಗಿಯಿತು, ಗಣಿ ಮುಚ್ಚಿತು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆಯ ಹಾಗೆ, 120 ವರ್ಷ ಅಗೆದ ಮೇಲೆ ಉಳಿಯುವುದೇನು ಎಂಬ ಧಾಟಿ. ಈ ಉತ್ತರ ಅರ್ಧ ಸತ್ಯ. ಕೋಲಾರದ ಚಿನ್ನ ಪೂರ್ತಿ ಮುಗಿದಿದ್ದರೆ 2013ರಲ್ಲಿ ಸುಪ್ರೀಂ ಕೋರ್ಟ್ ಈ ಗಣಿಗಳಿಗೆ ಜಾಗತಿಕ ಟೆಂಡರ್ ಕರೆಯಲು ಅನುಮತಿ ಕೊಡುವ ಸಂದರ್ಭವೇ ಬರುತ್ತಿರಲಿಲ್ಲ. ಗಣಿಯೊಂದರಲ್ಲಿ ಲೋಹಕ್ಕಿಂತ ಮೊದಲು ಮುಗಿಯುವುದು ಲೆಕ್ಕ. ತೆಗೆಯುವ ಖರ್ಚು, ಸಿಗುವ ಬೆಲೆ, ಆ ಹಣಕ್ಕೆ ಬೇರೆಡೆ ಸಿಗುವ ಬಡ್ಡಿ ಇವು ಮೂರೂ ಹೊಂದದೆ ಹೋದ ದಿನ ಚಿನ್ನ ಬರೀ ಕಲ್ಲಾಗುತ್ತದೆ. ಈ ಲೆಕ್ಕವನ್ನು ಸ್ಪಷ್ಟವಾಗಿ ಬರೆದಿಟ್ಟವರು ಹೆರಾಲ್ಡ್ ಹೋಟೆಲಿಂಗ್ ಎಂಬ ಅಮೆರಿಕದ ಪ್ರಾಧ್ಯಾಪಕ. ಕೋಲಾರದ ಚಿನ್ನದ ಗಣಿಗಳ, ಅಂದರೆ ಕೆಜಿಎಫ್‌ನ, ಕಥೆಯನ್ನು ಅವರ ಲೆಕ್ಕದ ಬೆಳಕಿನಲ್ಲಿ ಓದಿದರೆ ಎರಡು ಸಂಗತಿ ಕಾಣುತ್ತವೆ. ಇಲ್ಲಿನ ಲೆಕ್ಕದ ಒಂದು ಅಂಕಿಯೂ ಇಲ್ಲಿ ತೀರ್ಮಾನವಾದದ್ದಲ್ಲ ಎಂಬುದು ಒಂದು. ಗಳಿಕೆ ಎಲ್ಲಿಗೆ ಹೋಯಿತೋ ಅಲ್ಲಿಗೇ ಈಗ ಜನರೂ ಹೋಗುತ್ತಿದ್ದಾರೆ ಎಂಬುದು ಇನ್ನೊಂದು.

ಹೇಸರಗತ್ತೆ ಉಳಿಸಿದ ಪ್ರಾಧ್ಯಾಪಕ

ಹೋಟೆಲಿಂಗ್ ಹುಟ್ಟಿದ್ದು 1895ರಲ್ಲಿ, ಮಿನೆಸೋಟ ರಾಜ್ಯದ ಫುಲ್ಡಾ ಎಂಬ ಚಿಕ್ಕ ಊರಿನಲ್ಲಿ, ಬೆಳೆದದ್ದು ಸಿಯಾಟಲ್‌ನಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಪತ್ರಿಕೋದ್ಯಮ. ನಡುವೆ ಮೊದಲ ಮಹಾಯುದ್ಧ ಬಂದು ಸೈನ್ಯ ಸೇರಿದರು. ಗಣಿತ, ವಿಜ್ಞಾನ, ಪ್ರಾಚೀನ ಭಾಷೆಗಳನ್ನು ಕಲಿತಿದ್ದ ಹುಡುಗನಿಗೆ ಸೈನ್ಯ ಕೊಟ್ಟ ಕೆಲಸ ಹೇಸರಗತ್ತೆಗಳನ್ನು ನೋಡಿಕೊಳ್ಳುವುದು. ಅವುಗಳಲ್ಲಿ ಡೈನಮೈಟ್ ಎಂಬ ಹೆಸರಿನ ಒಂದು ಮುಂಗೋಪಿ ಪ್ರಾಣಿ ಇವರ ಕಾಲು ಮುರಿಯಿತು. ತುಕಡಿ ಫ್ರಾನ್ಸಿನ ರಣರಂಗಕ್ಕೆ ಹೊರಟಾಗ ಇವರು ಅಮೆರಿಕದಲ್ಲೇ ಉಳಿದರು. ಆ ಹೇಸರಗತ್ತೆಯೇ ತನ್ನ ಜೀವ ಉಳಿಸಿತು ಎಂದು ಮುಂದೆ ತಾವೇ ಹೇಳಿಕೊಳ್ಳುತ್ತಿದ್ದರು. 1919ರಲ್ಲಿ ಪದವಿ ಪಡೆದು ಕೆಲಕಾಲ ಪತ್ರಿಕೆಯಲ್ಲಿ ದುಡಿದರು. ಎರಿಕ್ ಟೆಂಪಲ್ ಬೆಲ್ ಎಂಬ ಗಣಿತಜ್ಞರು ಇವರ ಕೈಹಿಡಿದು ಗಣಿತದ ಕಡೆಗೆ ಎಳೆಯದಿದ್ದರೆ ಬಹುಶಃ ವರದಿಗಾರರಾಗಿಯೇ ಉಳಿಯುತ್ತಿದ್ದರು. 1924ರಲ್ಲಿ ಪ್ರಿನ್ಸ್‌ಟನ್‌ನಿಂದ ಬಂದ ಡಾಕ್ಟರೇಟು ಕೂಡ ಶುದ್ಧ ಗಣಿತದ್ದು, ಅರ್ಥಶಾಸ್ತ್ರದ್ದಲ್ಲ.

ಮೊದಲ ನೌಕರಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಹಾರ ಸಂಶೋಧನಾ ಸಂಸ್ಥೆಯಲ್ಲಿ. 1931ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅಲ್ಲಿ ಅವರ ಪಾಠ ಕೇಳಿದವರು. ಗಣಿತ ಓದಲು ಬಂದ ಕೆನೆತ್ ಆರೋ ಎಂಬ ಹುಡುಗನನ್ನು ಅರ್ಥಶಾಸ್ತ್ರಕ್ಕೆ ಹಚ್ಚಿದವರೂ ಇವರೇ. ಆರೋಗೆ 1972ರಲ್ಲಿ ನೊಬೆಲ್ ಬಂತು. 1946ರಲ್ಲಿ ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ಗೆ ಹೋಗಿ ಸಂಖ್ಯಾಶಾಸ್ತ್ರ ವಿಭಾಗ ಕಟ್ಟಿದರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ರಾಜಚಂದ್ರ ಬೋಸ್ ಮತ್ತು ಎಸ್.ಎನ್. ರಾಯ್ ಅಲ್ಲಿಗೆ ಹೋಗಿ ಸೇರಿಕೊಂಡರು. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕಲ್ಕತ್ತೆಯಲ್ಲಿ ಬೆಳೆದದ್ದೂ ಇದೇ ಬಳಗದ ನಡುವೆ. ಹತ್ತಾರು ಅಂಕಿಗಳ ರಾಶಿಯಿಂದ ಮುಖ್ಯವಾದ ಎರಡು ಮೂರನ್ನು ಸೋಸಿ ತೆಗೆಯುವ ವಿಧಾನವೊಂದನ್ನು ಹೋಟೆಲಿಂಗ್ 1933ರಲ್ಲಿ ರೂಪಿಸಿದರು. ದತ್ತಾಂಶದ ಕೆಲಸ ಮಾಡುವ ಬೆಂಗಳೂರಿನ ಕಂಪನಿಗಳಲ್ಲಿ ಇವತ್ತಿಗೂ ಅದು ನಿತ್ಯದ ಹತಾರ. ಮಾರಿಕುಪ್ಪಂ ರೈಲಿನಿಂದ ಇಳಿದವರಲ್ಲಿ ಕೆಲವರು ಆ ಕಂಪನಿಗಳಿಗೇ ಹೋಗುತ್ತಾರೆ, ಕಂಪ್ಯೂಟರ್ ಮುಂದೆ ಕೂರಲಿಕ್ಕೋ, ನೆಲ ಒರೆಸಲಿಕ್ಕೋ.

ಪಾನಿಪೂರಿ ಗಾಡಿಗಳು ಒತ್ತೊತ್ತಾಗಿ ಯಾಕೆ?

ಹೋಟೆಲಿಂಗ್ ಯೋಚಿಸುವ ರೀತಿ ತಿಳಿಯಲು ಅವರ 1929ರ ಪ್ರಬಂಧ ಒಂದು ಸುಲಭ ದಾರಿ. ಬಂಗಾರಪೇಟೆಯ ಉದಾಹರಣೆಯಲ್ಲೇ ಅದನ್ನು ಹೇಳಬಹುದು. ನೀರಿನಷ್ಟು ತಿಳಿಯಾದ ಪಾನಿಗೆ ಹೆಸರಾದ ಊರು ಅದು. ಒಂದು ನೇರ ಬೀದಿ, ಎರಡು ಪಾನಿಪೂರಿ ಗಾಡಿ, ಎರಡರಲ್ಲೂ ಒಂದೇ ರುಚಿ, ಒಂದೇ ಬೆಲೆ ಎಂದುಕೊಳ್ಳಿ. ಗಿರಾಕಿ ಹತ್ತಿರದ ಗಾಡಿಗೆ ಹೋಗುತ್ತಾನೆ. ಬೀದಿಯ ಕಾಲು ಭಾಗಕ್ಕೊಂದು, ಮುಕ್ಕಾಲು ಭಾಗಕ್ಕೊಂದು ಗಾಡಿ ನಿಂತರೆ ಎಲ್ಲರಿಗೂ ನಡಿಗೆ ಕಡಿಮೆ. ಆದರೆ ಮೊದಲಿನವನು ಸ್ವಲ್ಪ ನಡುವಿಗೆ ಜರುಗಿದರೆ ಎದುರಾಳಿಯ ಕೆಲವು ಗಿರಾಕಿಗಳು ಇವನ ಪಾಲಾಗುತ್ತಾರೆ. ಅವನೂ ಜರುಗುತ್ತಾನೆ. ಕೊನೆಗೆ ಎರಡೂ ಬೀದಿಯ ನಟ್ಟನಡುವೆ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ತುದಿಯ ಮನೆಯವರು ಮೊದಲಿಗಿಂತ ದೂರ ನಡೆಯಬೇಕು. ಇಬ್ಬರ ಲೆಕ್ಕವೂ ಸರಿ, ಒಟ್ಟಿನ ಫಲ ಮಾತ್ರ ಸರಿಯಲ್ಲ. ಚುನಾವಣೆಯಲ್ಲಿ ಎರಡು ಪಕ್ಷಗಳು ಒಂದೇ ರೀತಿ ಮಾತಾಡುವುದಕ್ಕೂ ಇದೇ ಕಾರಣ ಎಂದು ಅವರೇ ಸೂಚಿಸಿದ್ದರು. (ಪಾನಿಪೂರಿ ಉದಾಹರಣೆ ನನ್ನದು.) ಒಬ್ಬೊಬ್ಬರ ಲೆಕ್ಕ ಸರಿಯಿದ್ದೂ ಊರಿಗೆ ನಷ್ಟವಾಗಬಹುದು ಎಂಬ ಈ ಅಂಶ ಗಣಿಯ ವಿಷಯಕ್ಕೂ ಬೇಕಾಗುತ್ತದೆ.

ನೆಲದಲ್ಲಿರಲಿ, ಬ್ಯಾಂಕಿನಲ್ಲಿರಲಿ

1931ರ ಏಪ್ರಿಲ್‌ನಲ್ಲಿ, ಬಗೆದು ಮುಗಿಯಬಲ್ಲ ಸಂಪತ್ತಿನ ಅರ್ಥಶಾಸ್ತ್ರ ಎಂಬ ಅರ್ಥದ ತಲೆಬರಹದಲ್ಲಿ, ಹೋಟೆಲಿಂಗ್ ತಮ್ಮ ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು. ಕಾಡು, ತೈಲ, ಖನಿಜ ಎಲ್ಲವೂ ತೀರಾ ಅಗ್ಗವಾಗಿ, ತೀರಾ ಬೇಗ ಖಾಲಿಯಾಗುತ್ತಿವೆ ಎಂಬ ಕೂಗು ಆಗ ಅಮೆರಿಕದಲ್ಲಿ ಜೋರಾಗಿತ್ತು. ಹೋಟೆಲಿಂಗ್ ಕೇಳಿದ್ದು ಸರಳ ಪ್ರಶ್ನೆ. ಗಣಿಯ ಮಾಲೀಕ ಇವತ್ತೇ ಎಲ್ಲ ಅಗೆದು ಮಾರಬೇಕೋ, ನಾಳೆಗೆ ಉಳಿಸಬೇಕೋ? ಒಂದು ಗ್ರಾಂ ಚಿನ್ನ ತೆಗೆದು ಮಾರಿದರೆ ಖರ್ಚು ಕಳೆದು ನೂರು ರೂಪಾಯಿ ಉಳಿಯುತ್ತದೆ, ಬ್ಯಾಂಕಿನ ಬಡ್ಡಿ ಶೇಕಡ 5 ಎಂದುಕೊಳ್ಳಿ. ಬರುವ ವರ್ಷ ಅದೇ ಗ್ರಾಂಗೆ 110 ಉಳಿಯುವಂತಿದ್ದರೆ ಜಾಣ ಮಾಲೀಕ ಅಗೆಯುವುದಿಲ್ಲ; ನೆಲವೇ ಬ್ಯಾಂಕಿಗಿಂತ ಒಳ್ಳೆಯ ತಿಜೋರಿ. 102 ಮಾತ್ರ ಎಂದಾದರೆ ಇವತ್ತೇ ಬಗೆದು ಹಣವನ್ನು ಬ್ಯಾಂಕಿಗೆ ಹಾಕುತ್ತಾನೆ. ಎಲ್ಲ ಮಾಲೀಕರೂ ಹೀಗೆ ಯೋಚಿಸಿದಾಗ ಖರ್ಚು ಕಳೆದು ಉಳಿಯುವ ಬೆಲೆ ವರ್ಷವರ್ಷ ಬಡ್ಡಿಯ ದರದಲ್ಲೇ ಏರಬೇಕು. ಹಾಗೆ ಏರುವಾಗ ಸಂಪತ್ತು ತಾನಾಗಿ ಹಂಚಿಕೆಯಾಗುತ್ತದೆ, ಇಂದಿಗಿಷ್ಟು, ಮುಂದಿನವರಿಗಿಷ್ಟು. ಅರ್ಥಶಾಸ್ತ್ರದ ಪುಸ್ತಕಗಳು ಇದನ್ನು ಹೋಟೆಲಿಂಗ್ ನಿಯಮ ಎನ್ನುತ್ತವೆ.

ಪ್ರಬಂಧದಲ್ಲಿ ಇಷ್ಟೇ ಇರಲಿಲ್ಲ. ಆಳಕ್ಕಿಳಿದಂತೆ ಖರ್ಚು ಏರುವ ಗಣಿ, ಒಬ್ಬನೇ ಮಾಲೀಕನಿರುವ ಗಣಿ, ಅಗೆತದ ಮೇಲೆ ತೆರಿಗೆ ಬಿದ್ದಾಗ ಆಗುವ ಬದಲಾವಣೆ ಇವನ್ನೆಲ್ಲ ಅವರು ಬಿಡಿಸಿ ನೋಡಿದರು. ಗಣಿತ ಕಠಿಣವಾಗಿತ್ತು, ನಾಲ್ಕು ದಶಕ ಅದನ್ನು ಹೆಚ್ಚು ಮಂದಿ ಓದಲಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದಾಗ ಅರ್ಥಶಾಸ್ತ್ರಜ್ಞರು ಹಳೆಯ ಸಂಪುಟಗಳ ಧೂಳು ಕೊಡವಿದರು. ಮಾರನೆಯ ವರ್ಷ ಅಚ್ಚಾದ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ ರಾಬರ್ಟ್ ಸೋಲೊ ಹೋಟೆಲಿಂಗ್ ವಾದವನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿಟ್ಟರು. ಅಷ್ಟರಲ್ಲಿ ಹೋಟೆಲಿಂಗ್ ಇರಲಿಲ್ಲ. 1973ರ ಡಿಸೆಂಬರ್ 26ರಂದು ಚಾಪೆಲ್ ಹಿಲ್‌ನಲ್ಲಿ ತೀರಿಕೊಂಡಿದ್ದರು.

ಮೊಳೆ ಹೊಡೆದ ಬೆಲೆ

ಈಗ ಕೋಲಾರಕ್ಕೆ ಬರೋಣ. 1802ರಲ್ಲಿ ಜಾನ್ ವಾರನ್ ಎಂಬ ಸರ್ವೆ ಅಧಿಕಾರಿ ಮಾರಿಕುಪ್ಪಂ ಸುತ್ತಮುತ್ತ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟ ಮೈಕೆಲ್ ಲ್ಯಾವೆಲ್ 1870ರ ದಶಕದಲ್ಲಿ ಅಗೆಯುವ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಯಿಟ್ಟ ಮೇಲೆ ಗಣಿ ಕುದುರಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಕಂಪನಿಗಳು ಎದ್ದವು. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ, 1894ರಲ್ಲಿ ಗಣಿಗಳ ಕಡೆಗೆ ರೈಲು ಹಳಿ ಬಂತು. ಇದಿಷ್ಟು ನಮ್ಮ ಓದುಗರಿಗೆ ಗೊತ್ತು. ಗೊತ್ತಿಲ್ಲದ್ದು ಬೆಲೆಯ ಕಥೆ.

ಚಿನ್ನ ಮಿಕ್ಕ ಖನಿಜಗಳಂತಲ್ಲ. ತಾಮ್ರದ ಬೆಲೆ ಏರಬಹುದು, ಇಳಿಯಬಹುದು. ಚಿನ್ನವೇ ಹಣವಾಗಿದ್ದ ಕಾಲದಲ್ಲಿ ಅದರ ಬೆಲೆಗೆ ಮೊಳೆ ಹೊಡೆದಿದ್ದರು. ಹೊಡೆದವರು ಸಾಮಾನ್ಯರಲ್ಲ, ಐಸಾಕ್ ನ್ಯೂಟನ್. 1717ರಲ್ಲಿ ಅವರು ಲಂಡನ್ನಿನ ಟಂಕಸಾಲೆಯ ಮುಖ್ಯಸ್ಥರು. ಯುದ್ಧಗಳ ಕಾಲ ಬಿಟ್ಟರೆ ಅಪ್ಪಟ ಚಿನ್ನದ ಬೆಲೆ ಔನ್ಸಿಗೆ ಸುಮಾರು 85 ಶಿಲಿಂಗ್ ಆಗಿಯೇ 1931ರವರೆಗೆ ನಿಂತಿತ್ತು. ಈಗ ಹೋಟೆಲಿಂಗ್ ಪ್ರಶ್ನೆಯನ್ನು 1880ರ ಲಂಡನ್ ಷೇರುದಾರನ ಮುಂದಿಡಿ. ನೂರು ಪೌಂಡಿನ ಚಿನ್ನವನ್ನು ಚಾಂಪಿಯನ್ ರೀಫಿನ ಬಂಡೆಯಲ್ಲೇ ಮೂವತ್ತು ವರ್ಷ ಬಿಟ್ಟರೆ ಕೊನೆಗೂ ಅದು ನೂರೇ ಪೌಂಡು. ಇವತ್ತೇ ಬಗೆದು ಶೇಕಡ 3ರ ಬಡ್ಡಿಗೆ ಹಾಕಿದರೆ ಮೂವತ್ತು ವರ್ಷಕ್ಕೆ ಸುಮಾರು 243. ಉತ್ತರಕ್ಕೆ ಯಾವ ಕಠಿಣ ಗಣಿತವೂ ಬೇಡ: ಅಗೆ, ಆದಷ್ಟು ಬೇಗ ಅಗೆ, ಒಳ್ಳೆಯ ಅದಿರನ್ನು ಮೊದಲು ಅಗೆ. ಕೋಲಾರದಲ್ಲಿ ಆದದ್ದೂ ಅದೇ. ಶುರುವಿನ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಆಸುಪಾಸು ಚಿನ್ನ ಸಿಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದದ್ದು ಅಗೆತದ ವೇಗ ಹೆಚ್ಚಿಸಲಿಕ್ಕೇ. ಮೂರೇ ವರ್ಷದಲ್ಲಿ ಉತ್ಪಾದನೆ ಶಿಖರ ಮುಟ್ಟಿತು. ಕಂಪನಿಯ ದುರಾಸೆ ಎಂದು ಇದನ್ನು ಬೈಯುವುದು ಸುಲಭ. ಆದರೆ ಬೆಲೆಗೆ ಮೊಳೆ ಹೊಡೆದು, ಬಡ್ಡಿಯನ್ನು ಬೆಳೆಯಲು ಬಿಟ್ಟರೆ ಸಂತನಾದ ಮಾಲೀಕನೂ ಬೇಗ ಅಗೆಯುವುದೇ ಲಾಭವೆಂದು ಕಾಣುತ್ತಾನೆ.

ಹೋಟೆಲಿಂಗ್ ಪ್ರಬಂಧ ಅಚ್ಚಾದ ಐದೇ ತಿಂಗಳಿಗೆ, 1931ರ ಸೆಪ್ಟೆಂಬರಿನಲ್ಲಿ, ಬ್ರಿಟನ್ ಆ ಮೊಳೆ ಕಿತ್ತಿತು. 1934ರಲ್ಲಿ ಅಮೆರಿಕ ಔನ್ಸಿನ ಬೆಲೆಯನ್ನು 20.67 ಡಾಲರಿನಿಂದ 35ಕ್ಕೆ ಏರಿಸಿತು. ಕೋಲಾರದ ನೆಲದೊಳಗೆ ಹೊಸ ಚಿನ್ನವೇನೂ ಹುಟ್ಟಲಿಲ್ಲ, ಆದರೂ ನಿನ್ನೆಯವರೆಗೆ ಕಲ್ಲೆಂದು ಬಿಟ್ಟಿದ್ದು ಇವತ್ತು ಅದಿರಾಯಿತು. ಗಣಿಯ ಆಯಸ್ಸನ್ನು ಬಂಡೆಯಷ್ಟೇ ಬೆಲೆಯೂ ಅಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯದ ನಂತರ ಬೇರೆಯದೇ ಮೊಳೆ ಬಿತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. ಗಣಿ ಇಲಾಖೆಯ ಬದಲು ಹಣಕಾಸು ಸಚಿವಾಲಯದ ಕೈಕೆಳಗೆ ಇಟ್ಟರೆಂಬುದನ್ನು ಗಮನಿಸಬೇಕು. ದೆಹಲಿಗೆ ಕೋಲಾರ ಗಣಿಯಾಗಿ ಕಾಣಲಿಲ್ಲ, ವಿದೇಶಿ ವಿನಿಮಯದ ಪೆಟ್ಟಿಗೆಯಾಗಿ ಕಂಡಿತು. ಇಲ್ಲಿನ ಚಿನ್ನವನ್ನು ಸರ್ಕಾರ ಕೊಳ್ಳುತ್ತಿದ್ದದ್ದು ಅಂತರರಾಷ್ಟ್ರೀಯ ಹಣಕಾಸು ನಿಧಿಯ 35 ಡಾಲರ್ ದರಕ್ಕೆ. ರೂಪಾಯಿಯಲ್ಲಿ 10 ಗ್ರಾಂಗೆ 53.58. ಅದೇ ಹೊತ್ತಿಗೆ ಪೇಟೆಯಲ್ಲಿ ಚಿನಿವಾರರ ಅಂಗಡಿಯ ದರ ನೂರು ರೂಪಾಯಿಯ ಆಸುಪಾಸು. ಅಂದರೆ ಮೂರು ಕಿಲೋಮೀಟರ್ ಆಳದಿಂದ ಹೊತ್ತು ತಂದ ಸರಕನ್ನು ಪೇಟೆಯ ಅರ್ಧ ಬೆಲೆಗೆ ಒಪ್ಪಿಸಿ, ಗಣಿ ನಷ್ಟದಲ್ಲಿದೆ ಎಂದು ವರದಿ ಬರೆಯುವ ಕೆಲಸ ವರ್ಷಾನುಗಟ್ಟಲೆ ನಡೆಯಿತು. ಆ ನಷ್ಟದ ಒಂದು ಪಾಲು ಬಂಡೆಯದು, ಇನ್ನೊಂದು ಪಾಲು ಕಾಗದದ್ದು.

1971ರಲ್ಲಿ ಅಮೆರಿಕ ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಡಿದುಕೊಂಡಿತು, ಬೆಲೆ ಹಾರಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಆದರೆ ಅಷ್ಟರಲ್ಲಿ ಸಿರಿವಂತ ಅದಿರು ಹೋಗಿತ್ತು. ಟನ್ನಿಗೆ ಸಿಗುತ್ತಿದ್ದದ್ದು ಕೊನೆಕೊನೆಗೆ 3 ಗ್ರಾಂ ಆಸುಪಾಸು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಲಂಡನ್ನಿನಲ್ಲಿ ಚಿನ್ನ ಔನ್ಸಿಗೆ 270 ಡಾಲರಿಗೂ ಕಡಿಮೆ, ನಮ್ಮಲ್ಲಿ 10 ಗ್ರಾಂಗೆ ಸುಮಾರು 4,300 ರೂಪಾಯಿ. ಎರಡು ದಶಕಗಳ ತಳದ ಆಸುಪಾಸು ಅದು. ಅಲ್ಲಿಂದ ಮುಂದೆ ಬೆಲೆ ನಡುನಡುವೆ ಇಳಿದರೂ ಏರುತ್ತ ಹೋಗಿ 2025ರ ಅಕ್ಟೋಬರಿನಲ್ಲಿ ಔನ್ಸಿಗೆ 4,000 ಡಾಲರ್ ದಾಟಿತು.

ಆದರೂ ಕೆಲವು ತಕರಾರು

ಹೋಟೆಲಿಂಗ್ ನಿಯಮವೇ ನಿಜವಲ್ಲ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಖನಿಜಗಳ ಬೆಲೆ ಬಡ್ಡಿಯಂತೆ ಏರಿಲ್ಲ. ಹೊಸ ನಿಕ್ಷೇಪ, ಹೊಸ ಯಂತ್ರ ಬಂದು ಎಷ್ಟೋ ಖನಿಜಗಳನ್ನು ತೆಗೆಯುವ ಖರ್ಚು ತಗ್ಗುತ್ತಲೇ ಬಂತೆಂದು ಬಾರ್ನೆಟ್ ಮತ್ತು ಮೋರ್ಸ್ ಎಂಬ ಅಮೆರಿಕನ್ನರು 1963ರಲ್ಲೇ ತೋರಿಸಿದ್ದರು. ಚಿನ್ನದ ವಿಷಯದಲ್ಲಂತೂ ಇನ್ನೊಂದು ತೊಡಕಿದೆ. ಸುಟ್ಟ ತೈಲ ಹೋಯಿತು, ಚಿನ್ನ ಎಲ್ಲಿಗೂ ಹೋಗುವುದಿಲ್ಲ. ಮನುಷ್ಯ ಇದುವರೆಗೆ ಬಗೆದದ್ದು 2 ಲಕ್ಷ ಟನ್ನಿಗೂ ಹೆಚ್ಚು, ಬಹುಪಾಲು ಇನ್ನೂ ತಿಜೋರಿಗಳಲ್ಲಿ, ಕೊರಳುಗಳಲ್ಲಿ ಇದೆ. ಕೋಲಾರ ಕೊಟ್ಟ ಸುಮಾರು 800 ಟನ್ ಅದರಲ್ಲಿ ಸಾವಿರಕ್ಕೆ ನಾಲ್ಕು ಪಾಲೂ ಇಲ್ಲ. ಹೀಗಿರುವಾಗ ಕೋಲಾರ ಉಳಿಸಿದರೆಷ್ಟು, ಬಗೆದರೆಷ್ಟು? ಈ ತಕರಾರು ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಜಗತ್ತಿನ ಬೆಲೆಯನ್ನು ಒಂದು ಪೈಸೆಯೂ ಅಲುಗಿಸಲಾಗದ ಗಣಿ, ಬೇರೆಯವರು ಕೊಟ್ಟ ಅಂಕಿಗೆ ತಲೆಯಾಡಿಸುವ ಗಣಿ. ಅದರ ಆಯಸ್ಸು ಲಂಡನ್, ವಾಷಿಂಗ್ಟನ್, ದೆಹಲಿಯ ಕಡತಗಳಲ್ಲಿ ಬರೆದಿತ್ತು.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. 1905ರಲ್ಲಿ 20.67 ಡಾಲರ್ ಇದ್ದ ಔನ್ಸು 2025ರಲ್ಲಿ 4,000 ಆಗಲು ವರ್ಷಕ್ಕೆ ಸರಾಸರಿ ಶೇಕಡ 4.5ರಂತೆ ಏರಬೇಕು. ತಮಾಷೆಯೆಂದರೆ, ಬ್ಯಾಂಕು ಕೊಡುವ ಬಡ್ಡಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಖರ್ಚಿನ ಮಾತು ಬದಿಗಿಟ್ಟು ಒರಟಾಗಿ ನೋಡಿದರೆ 120 ವರ್ಷದ ಅಳತೆಯಲ್ಲಿ ಹೋಟೆಲಿಂಗ್ ಹೇಳಿದ್ದೇ ನಡೆದಿದೆ. ಆದರೆ ಅದು ನಡೆದದ್ದು ದಶಕಗಟ್ಟಲೆ ಅಲುಗದೆ ನಿಂತು, ಆಮೇಲೆ ಒಮ್ಮೆಗೇ ಜಿಗಿದು. ಯಾವ ಕಂಪನಿಯೂ, ಯಾವ ಕೂಲಿಯವನೂ 120 ವರ್ಷ ಕಾಯಲಾರ. ಹಾಗಾಗಿ 1905ರಲ್ಲಿ ಚಿನ್ನವನ್ನು ನೆಲದಲ್ಲೇ ಬಿಡಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ಬೆಲೆಯ ಮೊಳೆ ಮುಂದೆ ಕಳಚುತ್ತದೆಂದು ಆಗ ಊಹಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಆಳವೇ ಗಣಿಯನ್ನು ಕೊಂದಿತು ಎನ್ನುವುದು ಎರಡನೆಯ ತಕರಾರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಒತ್ತಡಕ್ಕೆ ಬಂಡೆಗಳು ಸಿಡಿದು ಜೀವ ಹೋಗುತ್ತಿತ್ತು, ಗಾಳಿ ತಣಿಸಿ ಕಳಿಸುವ ಖರ್ಚೇ ದೊಡ್ಡದು. ಇದನ್ನು ಒಪ್ಪಲೇಬೇಕು, ಇವತ್ತಿನ ಬೆಲೆಯಲ್ಲೂ ಆ ಆಳಕ್ಕೆ ಮತ್ತೆ ಮನುಷ್ಯರನ್ನು ಇಳಿಸುವುದು ಸರಿಯೆಂದು ನನಗನ್ನಿಸುವುದಿಲ್ಲ. ಗಣಿ ಒಂದಲ್ಲ ಒಂದು ದಿನ ಮುಚ್ಚಲೇಬೇಕಿತ್ತು. ಮುಚ್ಚುವ ದಿನಕ್ಕೆ ಏನು ಉಳಿಸಿಟ್ಟಿದ್ದರು ಎಂಬುದಷ್ಟೇ ಪ್ರಶ್ನೆ.

ಶಿವನಸಮುದ್ರದ ತಂತಿ, ಮಂಡ್ಯದ ಕಬ್ಬು

ಸೋಲೊ, ಅವರ ಬೆನ್ನಿಗೆ 1977ರಲ್ಲಿ ಕೆನಡಾದ ಜಾನ್ ಹಾರ್ಟ್‌ವಿಕ್, ಹೋಟೆಲಿಂಗ್ ಲೆಕ್ಕವನ್ನು ಒಂದು ಹೆಜ್ಜೆ ಮುಂದಕ್ಕೊಯ್ದರು. ನೆಲದ ಸಂಪತ್ತು ಕರಗುವುದನ್ನು ತಡೆಯಲಾಗದು. ಆದರೆ ಅದರಿಂದ ಬಂದ ಮಿಗತೆಯನ್ನೆಲ್ಲ ಶಾಲೆ, ಕಾರ್ಖಾನೆ, ರಸ್ತೆ, ಕೈಕಸುಬು ಹೀಗೆ ಬೇರೆ ಬಗೆಯ ಬಂಡವಾಳಕ್ಕೆ ತಿರುಗಿಸಿದರೆ ಮುಂದಿನ ತಲೆಮಾರು ಬಡವಾಗುವುದಿಲ್ಲ. ನಮ್ಮ ಗಾದೆಯೂ ಅದನ್ನೇ ಹೇಳುತ್ತದೆ. ಕೂತು ಉಂಡರೆ ಸಾಲದು, ಕುಡಿಕೆಯ ಹೊನ್ನನ್ನು ದುಡಿಮೆಗೆ ಹಾಕಬೇಕು. ಕೋಲಾರದಲ್ಲಿ ಇದು ನಡೆಯಲೇ ಇಲ್ಲ ಎಂದರೆ ತಪ್ಪಾಗುತ್ತದೆ. ನಡೆಯಿತು, ಬೇರೆ ಊರುಗಳಲ್ಲಿ.

ಮಿಗತೆಯ ದೊಡ್ಡ ಪಾಲು ಡಿವಿಡೆಂಡಾಗಿ ಲಂಡನ್ನಿಗೆ ಹೋಯಿತು. ಅದರ ಕಥೆ ಅಲ್ಲಿಗೆ ಮುಗಿಯಿತು. ಮೈಸೂರು ಸಂಸ್ಥಾನಕ್ಕೆ ಸಿಕ್ಕಿದ್ದು ಶೇಕಡ 5ರ ರಾಯಧನ, ಜತೆಗೆ ಗಣಿಗಳಿಗೆ ಮಾರಿದ ವಿದ್ಯುತ್ತಿನ ಹಣ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆಯಾದ ಶಿವನಸಮುದ್ರದ ಕರೆಂಟು 1902ರಲ್ಲಿ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಅದೇ ಶಿವನಸಮುದ್ರದ ವಿದ್ಯುತ್ತಿನಿಂದ. ಬೇಸಗೆಯಲ್ಲೂ ಶಿವನಸಮುದ್ರಕ್ಕೆ ನೀರು ತಪ್ಪದಿರಲಿ, ಗಣಿಗೆ ಕರೆಂಟು ನಿಲ್ಲದಿರಲಿ ಎಂಬುದು 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದು. ಆ ಕಟ್ಟೆಯ ನೀರು ಮಂಡ್ಯಕ್ಕೆ ಕಬ್ಬು ಕೊಟ್ಟಿತು, ಕಬ್ಬು ಸಕ್ಕರೆ ಕಾರ್ಖಾನೆ ಕೊಟ್ಟಿತು. ಸಂಸ್ಥಾನದ ಒಟ್ಟು ಖಾತೆ ನೋಡಿದರೆ ಹಾರ್ಟ್‌ವಿಕ್ ಮೆಚ್ಚುವ ಕೆಲಸವೇ ಸರಿ. ಖಾತೆಯನ್ನು ಊರುವಾರು ಒಡೆದಾಗ ಮಾತ್ರ ಚಾಂಪಿಯನ್ ರೀಫಿನ ಕೂಲಿ ಲೈನಿನ ಪುಟದಲ್ಲಿ ಜಮೆ ಕಾಣುವುದಿಲ್ಲ. ಗಣಿಗೆ ಕರೆಂಟು ಬಂದ ಮೇಲೂ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತ ಕಾರ್ಮಿಕರ ಮನೆ ತಟ್ಟಿಯ ಗೋಡೆಯ ಒಂದೇ ಕೋಣೆ. ಕೇಂದ್ರ ಸರ್ಕಾರ 1964ರಲ್ಲಿ ಇಲ್ಲಿ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆ ಬಿಇಎಂಎಲ್ ಕಟ್ಟಿತಲ್ಲ ಎಂದರೆ, ಹೌದು, ಅದೊಂದು ದೊಡ್ಡ ಅಪವಾದ. ಒಂದು ಕಾಲಕ್ಕೆ ಸುಮಾರು 30 ಸಾವಿರ ಜನ ದುಡಿದ ಊರಿಗೆ ಒಂದು ಕಾರ್ಖಾನೆ.

ಲೆಕ್ಕದಲ್ಲಿ ಬರದ ಇನ್ನೊಂದು ಬಾಬ್ತು ಇದೆ. 1940ರ ದಶಕದಲ್ಲಿ ಇಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡಿತು. ಬಂಡೆಯ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾಗುವ ರೋಗ, ಮದ್ದಿಲ್ಲ. ಬಗೆದು ಮುಗಿಯುವ ಸಂಪತ್ತು ಎಂದಾಗ ಅರ್ಥಶಾಸ್ತ್ರ ಬಂಡೆಯೊಳಗಿನ ಲೋಹವನ್ನು ಎಣಿಸಿತು. ಡ್ರಿಲ್ ಹಿಡಿದವನ ಉಸಿರನ್ನು ಎಣಿಸಲಿಲ್ಲ. ಕಂಪನಿ ಬೇರೆಯದನ್ನು ಎಣಿಸಲು ಹೊರಟಿತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಮಾಡಲು ಮುಂದಾದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕಳ್ಳರ ಬೆರಳಚ್ಚು ತೆಗೆದಂತೆ ತೆಗೆದು, ಕೂಲಿಯವರನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆಯೇ ಎಂಬುದು ಆ ಸಿಟ್ಟಿನ ಬೇರು.

ಇಲ್ಲಿ ಹೋಟೆಲಿಂಗ್ ಅವರನ್ನೇ ದೂರುವುದು ನ್ಯಾಯವಲ್ಲ. 1938ರಲ್ಲಿ ಅವರು ಬರೆದ ಇನ್ನೊಂದು ಪ್ರಬಂಧವನ್ನು ಗಣಿಯ ಪ್ರಬಂಧದ ಪಕ್ಕದಲ್ಲಿಟ್ಟು ಓದುವವರು ಕಡಿಮೆ. ರೈಲು, ಸೇತುವೆ, ವಿದ್ಯುತ್ತು ಇಂಥವುಗಳಿಗೆ ಜನರಿಂದ ಪಡೆಯಬೇಕಾದ್ದು ಅವರೊಬ್ಬರಿಂದ ಹೆಚ್ಚಾಗುವ ಖರ್ಚು ಮಾತ್ರ. ಹಳಿ ಹಾಕಿದ, ಅಣೆ ಕಟ್ಟಿದ ಮೂಲ ಖರ್ಚನ್ನು ಭೂಮಿಯ ಮೌಲ್ಯ, ಆದಾಯ, ಪಿತ್ರಾರ್ಜಿತ ಇವುಗಳ ಮೇಲಿನ ತೆರಿಗೆಯಿಂದ ತುಂಬಬೇಕು ಎಂಬುದು ಅದರ ವಾದ. ಖಾಲಿ ಸೀಟಿರುವ ರೈಲಿಗೆ ಒಬ್ಬ ಹೆಚ್ಚು ಹತ್ತಿದರೆ ರೈಲ್ವೆಗೆ ಆಗುವ ಖರ್ಚು ಸೊನ್ನೆಗೆ ಹತ್ತಿರ. ಅವನಿಂದ ದುಬಾರಿ ಟಿಕೆಟ್ ಕೇಳಿ ಮನೆಯಲ್ಲೇ ಕೂರಿಸಿದರೆ ನಷ್ಟ ಸಮಾಜಕ್ಕೆ. ಮಾರಿಕುಪ್ಪಂ ರೈಲಿನ ತಿಂಗಳ ಪಾಸು ಅಗ್ಗವಾಗಿರುವುದನ್ನು ಸಮರ್ಥಿಸಲು ಇದಕ್ಕಿಂತ ಗಟ್ಟಿ ವಾದ ಸಿಗದು. ಈಗ ಆ ರೈಲಿನಲ್ಲಿ ಖಾಲಿ ಸೀಟೇ ಇಲ್ಲವಲ್ಲ ಎಂದು ಹೋಟೆಲಿಂಗ್ ಓದಿದ ಯಾರಾದರೂ ತಕರಾರು ತೆಗೆಯಬಹುದು. ಹಾಗಿದ್ದರೆ ಅದೇ ವಾದದ ಪ್ರಕಾರ ಬೋಗಿ ಹೆಚ್ಚಿಸಬೇಕು.

ಹೊಸ ಯೋಜನೆಯಿಂದ ಲಾಭ ಪಡೆದವರು ನಷ್ಟವಾದವರಿಗೆ ತುಂಬಿಕೊಟ್ಟೂ ಮಿಗುವಂತಿದ್ದರೆ ಆ ಯೋಜನೆ ಒಳ್ಳೆಯದು ಎಂಬ ಅಳತೆಗೋಲು ಬೆಳೆದದ್ದೂ ಇಂಥ ಚಿಂತನೆಯಿಂದಲೇ. ತುಂಬಿಕೊಡಬಲ್ಲರು ಎಂಬುದು ಒಂದು ಮಾತು, ತುಂಬಿಕೊಟ್ಟರು ಎಂಬುದು ಇನ್ನೊಂದು. ಕೋಲಾರದ ಚಿನ್ನ ಹೊತ್ತಿಸಿದ ದೀಪದ ಕೆಳಗೆ ಬೆಂಗಳೂರು ಬೆಳೆಯಿತು. ಅದರ ಒಂದು ಪಾಲನ್ನು ತಿರುಗಿ ಪಡೆಯಲು ಮಾರಿಕುಪ್ಪಂನವರು ದಿನಕ್ಕೆ ನಾಲ್ಕೈದು ತಾಸು ರೈಲಿನಲ್ಲಿ ಕಳೆಯುತ್ತಾರೆ. ಆ ತಾಸುಗಳಿಗೆ ಯಾರೂ ಬಡ್ಡಿ ಹಾಕಿಲ್ಲ.

ಗುಡ್ಡದ ಟೆಂಡರು

ಲೆಕ್ಕ ಈಗ ಮತ್ತೆ ತೆರೆದಿದೆ. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ತೊಳೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಿದ ರಾಶಿಗಳೇ ಸೈನೈಡ್ ಗುಡ್ಡಗಳು, ಒಟ್ಟು 13. ಆ ಮಣ್ಣಿನಲ್ಲಿ ಟನ್ನಿಗೆ ಒಂದು ಗ್ರಾಂ ಕೂಡ ಚಿನ್ನವಿಲ್ಲ. ಆದರೆ ಅದಕ್ಕೆ ಸುರಂಗ ಬೇಡ, ಕೇಜು ಬೇಡ, ಪುಡಿ ಮಾಡುವ ಗಿರಣಿ ಕೂಡ ಬೇಡ. ಆ ಕೆಲಸವೆಲ್ಲ ಮುಗಿಸಿದವರು ಕೂಲಿ ಪಡೆದು ಹೋಗಿದ್ದಾರೆ. 2024ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಸುಮಾರು ಸಾವಿರ ಎಕರೆಯಲ್ಲಿ ಹರಡಿದ ಈ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ರಾಯಧನ ಯಾರಿಗೆಷ್ಟು, ಅದು ಯಾವ ಖಾತೆಗೆ ಹೋಗಬೇಕು, ಗಣಿಯೂರಿನ ರಾಬರ್ಟ್‌ಸನ್‌ಪೇಟೆಗೆ, ಆಂಡರ್ಸನ್‌ಪೇಟೆಗೆ ಅದರಲ್ಲಿ ಎಷ್ಟು ಎಂಬುದನ್ನು ಕೇಳಬೇಕಾದ ಹೊತ್ತು ಗುಡ್ಡ ಕರಗಿದ ಮೇಲಲ್ಲ, ಈಗ.

ಆಷಾಢದ ಗಾಳಿಗೆ ಆ ಗುಡ್ಡಗಳ ಪುಡಿ ಇವತ್ತಿಗೂ ಎದ್ದು ಬರುತ್ತದೆ. ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಳ ಸರಿದ ನೀರಿನ ಕೊಡದಲ್ಲಿ, ಕಿಟಕಿಯ ಅಡ್ಡಪಟ್ಟಿಯ ಮೇಲೆ ತೆಳುವಾಗಿ ಕೂರುತ್ತದೆ. ಔನ್ಸಿಗೆ 35 ಡಾಲರ್ ಇದ್ದಾಗ ಹೆಂಗಸರು ಅದನ್ನು ಪೊರಕೆಯಿಂದ ಗುಡಿಸಿ ಬೀದಿಗೆ ಚೆಲ್ಲುತ್ತಿದ್ದರು. 4,000 ದಾಟಿದ ಮೇಲೂ ಹಾಗೇ ಗುಡಿಸುತ್ತಾರೆ.